ಕಡಲಿಗೆ ಹೋದ ಆಟಿ ಪಾಯಸ

ಈ ಸಂಗತಿಯನ್ನು ನಾನು ನೇವಿ ತಾತನ ಬಾಯಿಂದಲೇ ಕೇಳಿದ್ದೋ, ಅಥವಾ ಅವರು ತೀರಿಕೊಂಡ ಮೇಲೆ ಅಜ್ಜಿ ಹೇಳಿದ್ದಕ್ಕೆ ತಾತನ ದನಿಯನ್ನು ನಾನೇ ಕೂಡಿಸಿಕೊಂಡದ್ದೋ, ಖಚಿತವಾಗಿ ಹೇಳಲಾರೆ. ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರ ಓದಿದವನು ನಾನು. ಬೇರೆಯವರ ಮಾತಿಗಿಂತ ಮೊದಲು ನನ್ನ ನೆನಪನ್ನೇ ಅನುಮಾನಿಸುವುದು ಅಭ್ಯಾಸವಾಗಿಬಿಟ್ಟಿದೆ. ಆದರೆ ಜಡಿಮಳೆಯ ಆಟಿ ತಿಂಗಳ ಹದಿನೆಂಟರಂದು ಮದ್ದುಸೊಪ್ಪು ಬೇಯುವ ವಾಸನೆ ಎದ್ದರೆ ಆ ಅನುಮಾನ ಒಂದು ಗಳಿಗೆ ಬಾಯಿ ಮುಚ್ಚುತ್ತದೆ. ವರ್ಷವಿಡೀ ಬೇಲಿಯಂಚಿನಲ್ಲಿ ಯಾರ ಗಮನಕ್ಕೂ ಬಾರದೆ ನಿಂತಿರುವ ಆ ಗಿಡ ಅಂದು ಹದಿನೆಂಟು ಬಗೆಯ ಮದ್ದನ್ನು ಒಳಗೆ ತುಂಬಿಕೊಳ್ಳುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಕುದಿಸಿದರೆ ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಆ ನೀರಿನಲ್ಲಿ ಅಕ್ಕಿ, ಬೆಲ್ಲ, ತೆಂಗಿನ ಹಾಲು ಹಾಕಿದ ಪಾಯಸ ಉಂಡರೆ ಮರುದಿನ ಮೂತ್ರ ಕೆಂಪಾಗುತ್ತದೆ. ಮದ್ದು ಮೈಗೆ ಹತ್ತಿತು ಎನ್ನುವುದಕ್ಕೆ ಅದೇ ಗುರುತು. ಮಕ್ಕಳು ನಾವು ಎದ್ದ ಕೂಡಲೇ ಹಿತ್ತಿಲಿಗೆ ಓಡಿ, ಯಾರದು ಹೆಚ್ಚು ಕೆಂಪು ಎಂದು ಜಗಳವಾಡುತ್ತಿದ್ದೆವು.

ನೇವಿ ತಾತ ಅಜ್ಜಿಯ ತಮ್ಮ, ಹೆಸರು ಬೆಳ್ಯಪ್ಪ. ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದು, ನಿವೃತ್ತರಾದ ಮೇಲೆ ಗಾಳಿಬೀಡಿನ ನಮ್ಮ ಮನೆಯಲ್ಲೇ ನೆಲೆಸಿದ್ದರು. ಆಗ ಕೊಡಗು ಇನ್ನೂ ತನ್ನದೇ ಒಂದು ರಾಜ್ಯ. “ನಮ್ಮ ರಾಜ್ಯಕ್ಕೆ ಮಂತ್ರಿ ಉಂಟು, ಎಸ್ಟೇಟ್ ಉಂಟು, ಕಡಲೊಂದು ಇಲ್ಲೆ. ಇದ್ದಿದ್ರೆ ಆ ಖಾತೆ ನಂಗೇ ಬರ್ತಿತ್ತು” ಎಂದು ನಗುತ್ತಿದ್ದರು. ಕಾಫಿ ಒಣಗಿಸುವ ಕಣವನ್ನು ಡೆಕ್ ಎನ್ನುತ್ತಿದ್ದರು. ಅಲೆಗೆ ಹಡಗು ವಾಲಿದಾಗ ಒಬ್ಬನ ತಟ್ಟೆಯ ಸಾರು ಹಾರಿ ಎದುರಿಗೆ ಕುಳಿತವನ ಅನ್ನದ ಮೇಲೆ ಸರಿಯಾಗಿ ಬಿದ್ದದ್ದನ್ನೂ, ಪೈಲ್ವಾನನಂಥ ನಾವಿಕನೊಬ್ಬ ವಾಂತಿ ಮಾಡುತ್ತ ಅವ್ವನನ್ನು ಕರೆದದ್ದನ್ನೂ ಅಭಿನಯಿಸಿ ತೋರಿಸುತ್ತಿದ್ದರು. ಮಳೆ ಒಂದಿಷ್ಟು ಬಿಟ್ಟ ಬೆಳಿಗ್ಗೆ ನನ್ನನ್ನು ಬೆಟ್ಟದಂಚಿಗೆ ಕರೆದೊಯ್ಯುತ್ತಿದ್ದರು. ಕೆಳಗಿನ ಕಣಿವೆಯೆಲ್ಲ ಮಂಜು ತುಂಬಿ, ದೂರದ ಬೆಟ್ಟದ ತುದಿಗಳು ದ್ವೀಪಗಳಂತೆ ತೇಲುತ್ತಿರುತ್ತಿದ್ದವು. ಅಲ್ಲಿ ಅವರು ತಮಾಷೆ ಮಾಡುತ್ತಿರಲಿಲ್ಲ. “ಕಡಲು ಹಿಂಗೇ. ಆದ್ರೆ ಇದಕ್ಕೆ ತಳ ಉಂಟು, ಅದಕ್ಕೆ ಇಲ್ಲೆ” ಎಂದು ಹೇಳಿ ಟೋಪಿ ತೆಗೆದು ನಿಲ್ಲುತ್ತಿದ್ದರು. ಕಡಲನ್ನೇ ಕಂಡಿರದ ನಾನು ಆ ಬಿಳುಪಿನ ಅಂಚಿನಲ್ಲಿ ಉಸಿರು ಬಿಗಿಹಿಡಿದು ಅವರ ಬೆರಳು ಹಿಡಿದುಕೊಳ್ಳುತ್ತಿದ್ದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಒಮ್ಮೆ ಅವರು ಆಟಿಯಲ್ಲಿ ರಜೆಗೆ ಬಂದಿದ್ದರಂತೆ. ಹದಿನೆಂಟರ ಸಂಜೆಯೇ ಹೊರಡಬೇಕಾಗಿ ಬಂದು ಊಟಕ್ಕೆ ನಿಲ್ಲಲಾಗಲಿಲ್ಲ. ಅಜ್ಜಿ ಸೊಪ್ಪಿನ ರಸಕ್ಕೆ ಬೆಲ್ಲ ಹಾಕಿ, ಹಲ್ವದಂತೆ ಗಟ್ಟಿಯಾಗುವವರೆಗೆ ಕಾಸಿ, ತಗಡಿನ ಡಬ್ಬಿಯಲ್ಲಿ ತುಂಬಿಕೊಟ್ಟರು. ಬೊಂಬಾಯಿಯಲ್ಲಿ ಹಡಗು ಹತ್ತಿದ ಮೇಲೆ ತಾತ ಅದನ್ನು ಮರೆತೇಬಿಟ್ಟರು. ಎಷ್ಟೋ ದಿನದ ಮೇಲೆ ನೆನಪಾಗಿ, ಇನ್ನು ಕೆಟ್ಟೀತೆಂದು ಒಂದೇ ಸಲಕ್ಕೆ ಡಬ್ಬಿ ಖಾಲಿ ಮಾಡಿದರು. ಮರುದಿನ ಬೆಳಿಗ್ಗೆ ಹಡಗಿನಲ್ಲಿ ವೈದ್ಯಕೀಯ ತಪಾಸಣೆ. ಮೂತ್ರದ ಸೀಸೆಯನ್ನು ಬೆಳಕಿಗೆ ಹಿಡಿದ ಡಾಕ್ಟರರ ಮುಖ ಬಿಳಿಚಿತು. ರಕ್ತ ಹೋಗುತ್ತಿದೆ, ಇವನನ್ನು ಮುಂದಿನ ಬಂದರಿನಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಬೇಕು ಎಂದರು. ಇದು ರಕ್ತವಲ್ಲ, ಅಕ್ಕ ಕೊಟ್ಟ ತಿಂಡಿ ಎಂದು ತಾತ ಗೋಗರೆದರೂ ಡಾಕ್ಟರರು ನಂಬಲಿಲ್ಲ. “ಎಂಥ ಹೇಳ್ಲಿ ಅಕ್ಕ, ನಿನ್ನ ಪಾಯಸಕ್ಕೆ ಇಂಗ್ಲಿಷ್‌ಲಿ ಹೆಸರೇ ಇಲ್ಲೆ!” ಎಂದು ಕತೆಯ ನಡುವೆ ತಾತ ಅಜ್ಜಿಯತ್ತ ತಿರುಗಿದಾಗ ಮನೆಯವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ತಾತ ಮಾತ್ರ ನಗು ಅಡಗುವವರೆಗೆ ಕಾಯುತ್ತಿದ್ದರು. ಆಮೇಲೆ ಮೆಲ್ಲಗೆ ಹೇಳುತ್ತಿದ್ದರು: ಅವರನ್ನು ದಡಕ್ಕಿಳಿಸಿ ಹೊರಟ ಹಡಗು ಯಾವ ಬಂದರನ್ನೂ ಮುಟ್ಟಲಿಲ್ಲ. ಒಬ್ಬರೂ ಬದುಕಿ ಬರಲಿಲ್ಲ. ಡಾಕ್ಟರರೂ.

ಊರಿನಲ್ಲಿ ಇದಕ್ಕೆ ಬೇರೊಂದು ಮಾತಿತ್ತು. ಬೆಳ್ಯಪ್ಪ ಹೆದರಿ, ಕಾಯಿಲೆಯ ನೆಪ ಹೂಡಿ ಇಳಿದ, ಪಾಯಸದ ಕತೆ ಆಮೇಲೆ ಕಟ್ಟಿದ್ದು ಎಂದು. ಒಂದು ಆಟಿಯಲ್ಲಿ ಊಟಕ್ಕೆ ಕುಳಿತಾಗ ಅಪ್ಪ ಆ ಮಾತಿನ ಅಂಚನ್ನು ಮುಟ್ಟಿಯೇಬಿಟ್ಟರು. “ಅಷ್ಟು ದಿನ ಡಬ್ಬಿಲಿ ಇಟ್ಟ ಮೇಲೆ ಬಣ್ಣ ಎಲ್ಲಿ ಉಳಿತದೆ ಮಾವ? ಹುಳಿ ಬಂದ ಬೆಲ್ಲ, ಅಷ್ಟೇ.”

ಅಜ್ಜಿಯ ಕೈಯ ಸೌಟು ನಿಂತಿತು. “ಸುಮ್ನಿರ್! ನಾ ಕಾಸಿದ್ದು ನಂಗೆ ಗೊತ್ತುಂಟು.”

“ಬಿಡು ಅಕ್ಕ” ಎಂದರು ತಾತ. “ಡಾಕ್ಟರೂ ನಂಬ್ಲಿಲ್ಲೆ. ನಂಬಿದ್ರೆ ನಾ ಇಲ್ಲಿ ಕೂತು ಉಣ್ತಿರ್ಲಿಲ್ಲೆ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಅಂದು ಅವರ ಎಲೆಯ ಪಾಯಸ ಹಾಗೇ ಉಳಿಯಿತು. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವ ಜಾಗದ ಪಕ್ಕದಲ್ಲಿ ಪ್ರತಿ ವರ್ಷವೂ ತಾತ ಇನ್ನೊಂದು ಎಲೆ ಹಾಸಿ ಪಾಯಸ ಬಡಿಸುತ್ತಿದ್ದರು. ಅದು ಡಾಕ್ಟರರಿಗೆ. ಆ ಎಲೆಯ ಮುಂದೆ ಅವರು ಬಗ್ಗಿದ ರೀತಿ ನನ್ನ ಕಣ್ಣಲ್ಲಿ ಇನ್ನೂ ಇದೆ. ಸುಳ್ಳು ಹೇಳುವವನು ಅಷ್ಟು ಹೊತ್ತು ಬಗ್ಗಿರಲಾರ ಎಂದು ಆಗ ಅನ್ನಿಸಿತ್ತೋ, ಈಗ ಅನ್ನಿಸುತ್ತಿದೆಯೋ, ತಿಳಿಯದು.

ತಾತ ಹೋದರು, ಅಜ್ಜಿ ಹೋದರು. ಮಾವನ ಹತ್ತಿರ ಆ ಮಾತು ಆಡಬಾರದಿತ್ತು ಎಂದು ಕೊನೆಗಾಲದಲ್ಲಿ ಹೇಳಿಕೊಳ್ಳುತ್ತಿದ್ದ ಅಪ್ಪನೂ ಹೋದರು. ಮನೆಯ ಹೆಂಚಿಳಿಸಿ ಎಷ್ಟೋ ಕಾಲವಾಯಿತು. ಕಣದಲ್ಲಿ ಈಗ ಕಾಫಿ ಗಿಡಗಳೇ ಬೆಳೆದಿವೆ. ಹಡಗಿನ ಹೆಸರನ್ನು ತಾತ ಎಂದೂ ಹೇಳಲಿಲ್ಲ, ಅಥವಾ ಹೇಳಿದ್ದು ನನಗೆ ಮರೆತಿದೆ. ಇಳಿಸಿದ ಬಂದರು ಏಡನ್ನೋ ಕೊಲಂಬೋವೋ, ಎರಡೂ ಹೆಸರು ಕಿವಿಯಲ್ಲಿವೆ. ಇವುಗಳಲ್ಲಿ ಯಾವುದನ್ನೂ ನಾನು ರುಜುವಾತು ಮಾಡಲಾರೆ.

ಕೆಲವು ವರ್ಷಗಳ ಹಿಂದೆ ಆಟಿ ಹದಿನೆಂಟಕ್ಕೆ ಗಾಳಿಬೀಡಿಗೆ ಹೋಗಿದ್ದೆ. ಹಳೆಯ ಬೇಲಿಯಂಚಿನಲ್ಲಿ ಮದ್ದುಸೊಪ್ಪು ಇನ್ನೂ ಇತ್ತು. ಕೊಯ್ದು, ನೆರೆಮನೆಯ ಒಲೆಯಲ್ಲಿ ಅಜ್ಜಿ ಮಾಡಿದಂತೆಯೇ ಬೆಲ್ಲ ಹಾಕಿ ಗಟ್ಟಿಯಾಗಿ ಕಾಸಿ, ತಗಡಿನ ಡಬ್ಬಿಯಲ್ಲಿ ತುಂಬಿ, ನಾನೀಗ ಇರುವ ಮೈಸೂರಿಗೆ ತಂದೆ. ಆ ಕಾಲದ ಬಸ್ಸು, ರೈಲು, ಹಡಗಿಗೆ ಎಷ್ಟು ದಿನ ಹಿಡಿದೀತೋ ಅದಕ್ಕಿಂತಲೂ ಹೆಚ್ಚು ಕಾದೆ. ಮುಚ್ಚಳ ತೆಗೆದಾಗ ಅಪ್ಪ ಹೇಳಿದ ಹುಳಿ ವಾಸನೆ ಸ್ವಲ್ಪ ಇತ್ತು. ತಾತನಂತೆ ಒಂದೇ ಸಲಕ್ಕೆ ತಿಂದು ಮುಗಿಸಿದೆ.

ಮರುದಿನ ಬೆಳಿಗ್ಗೆ ಎದ್ದು, ಚಿಕ್ಕಂದಿನಂತೆಯೇ ಓಡಿಹೋಗಿ ನೋಡಿದೆ. ಕೆಂಪಾಗಿತ್ತು.