ಮಾವನ ಎದೆಯ ನೀರು

ನನ್ನ ಸೋದರಮಾವನಿಗೆ ಬೈಕಂಪಾಡಿಯಲ್ಲಿ ಒಂದು ಲೇತ್ ವರ್ಕ್‌ಶಾಪ್ ಇತ್ತು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೂ ಐವತ್ತೆಂಟನೇ ವಯಸ್ಸಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಂತು. ದಿನಕ್ಕೊಂದು ಮಾತ್ರೆ ಶುರುವಾದ ಮೇಲೆ ಗಡ್ಡೆ ಕುಗ್ಗಿ, ಕೆಮ್ಮು ನಿಂತು, ವರ್ಷಕ್ಕೂ ಹೆಚ್ಚು ಕಾಲ ವಾಮಂಜೂರಿನ ಮನೆಯಿಂದ ಸ್ಕೂಟರಿನಲ್ಲೇ ಕೆಲಸಕ್ಕೆ ಹೋಗಿಬಂದರು. ಆಮೇಲೆ ಅದೇ ಮಾತ್ರೆ ನಾಟುವುದು ನಿಂತಿತು. ಎದೆಯಲ್ಲಿ ನೀರು ತುಂಬಿತು.

ಆಗ ನಾನು ನಗರದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಒಮ್ಮೆ ನಾಟಿದ ಔಷಧಿ ಕ್ಯಾನ್ಸರ್ ಕೋಶಗಳಿಗೆ ಆಮೇಲೆ ಯಾಕೆ ನಾಟುವುದಿಲ್ಲ, ಅದರಲ್ಲಿ ಪ್ರೊಟೀನ್ ತಯಾರಿಸದ ಆರ್‌ಎನ್‌ಎಗಳ ಪಾಲೇನು ಎಂಬುದೇ ನನ್ನ ವಿಷಯ. ಮನೆಯಲ್ಲಿ ಯಾರೂ ಅದನ್ನು ವಿಚಾರಿಸಿದ್ದಿಲ್ಲ. ನಮ್ಮ ಕಾಲೇಜಿನ ಆಸ್ಪತ್ರೆಗೇ ಸೇರಿದ್ದ ಮಾವ ವಾರ್ಡಿನ ಮಂಚದ ಮೇಲೆ ಕುಳಿತು ಕೇಳಿದರು.

"ಪ್ರೊಟೀನ್ ಮಾಡುವುದಿಲ್ಲ ಅಂದ ಮೇಲೆ ಅದಕ್ಕೆ ಅಲ್ಲಿ ಎಂತ ಕೆಲಸ ಮಾರಾಯ್ತಿ?"

"ಯಾವ ಜೀನ್ ಓಡಬೇಕು, ಯಾವುದು ನಿಲ್ಲಬೇಕು ಅಂತ ನೋಡಿಕೊಳ್ತದೆ ಮಾವ. ಕೆಲವು, ಔಷಧಿ ಕೊಟ್ಟರೂ ಕೋಶ ಸಾಯದ ಹಾಗೆ ಮಾಡ್ತವೆ."

"ಸೂಪರ್‌ವೈಸರ್ ಅಂತ ಹೇಳು. ಮೆಷಿನ್ ಮುಟ್ಟುವುದಿಲ್ಲ, ಆದರೆ ಅವ ಹೇಳಿದ ಹಾಗೆ ಶಾಪ್ ನಡೀತದೆ."

ಅವರಷ್ಟು ಚೆನ್ನಾಗಿ ನಾನು ಅದನ್ನು ಯಾರಿಗೂ ವಿವರಿಸಿರಲಿಲ್ಲ.

ಎದೆಯಿಂದ ತೆಗೆಯುವ ನೀರಿನಲ್ಲಿ ಸ್ವಲ್ಪವನ್ನು ಸಂಶೋಧನೆಗೆ ಕೊಡುತ್ತೇನೆಂದು ಅವರೇ ಹೇಳಿದರು. ಸಂಬಂಧಿಕಳಾದ ನಾನು ಒಪ್ಪಿಗೆ ಪಡೆಯುವಂತಿರಲಿಲ್ಲ. ಸಹೋದ್ಯೋಗಿಯೊಬ್ಬಳು ಪತ್ರ ಓದಿ ಹೇಳಿ ಸಹಿ ಹಾಕಿಸಿಕೊಂಡಳು. ಬಾಟಲಿಯ ಮೇಲೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ. ಆ ದಿನ ಲ್ಯಾಬಿಗೆ ಬಂದದ್ದು ಅದೊಂದೇ, ಹಾಗಾಗಿ ನನಗೆ ಗೊತ್ತಾಯಿತು. ಚಿಕಿತ್ಸೆಗೆ ಮುಂಚೆ ತೆಗೆದು ಅದೇ ಸಂಖ್ಯೆಯಲ್ಲಿಟ್ಟಿದ್ದ ಅವರದೇ ಗಡ್ಡೆಯ ತುಣುಕಿಗೆ ಹೋಲಿಸಿದರೆ, ನಾವು ಹುಡುಕುತ್ತಿದ್ದ ಆರ್‌ಎನ್‌ಎ ಇದರಲ್ಲಿ ಬಹಳ ಹೆಚ್ಚಾಗಿತ್ತು. ಗ್ರಾಫ್ ನೋಡಿ ಒಂದು ಕ್ಷಣ ಖುಷಿಯಾಯಿತು. ಯಾರ ನೀರೆಂದು ನೆನಪಾಗಿ ನಾಚಿಕೆಯಾಯಿತು.

"ಸಿಕ್ಕಿತಾ ನಿನ್ನದು?" ಮಾವ ಕೇಳಿದರು.

"ಹೆಚ್ಚು ಉಂಟು. ಆದರೆ ಒಬ್ಬರದ್ದರಿಂದ ಏನೂ ಹೇಳ್ಲಿಕ್ಕೆ ಆಗುವುದಿಲ್ಲ. ಅದನ್ನು ನಿಲ್ಲಿಸುವ ಮದ್ದೂ ಇನ್ನೂ ಬಂದಿಲ್ಲ."

"ಇಲ್ಲದಿದ್ದರೆ ಇಲ್ಲ. ನೀನಾದರೂ ಇದ್ದದ್ದನ್ನು ಹೇಳಿದಿಯಲ್ಲ."

ಕೀಮೊದಿಂದ ಕೆಲವು ತಿಂಗಳು ಉಸಿರು ಹಗುರಾಯಿತು. ಮಗಳ ಮದುವೆಯಲ್ಲಿ ಬಂದವರನ್ನೆಲ್ಲ ನಿಂತೇ ಮಾತನಾಡಿಸಿದರು. ಆಮೇಲೆ ಕಾಯಿಲೆ ಮಿದುಳಿಗೆ ಹೋಯಿತು. ಮೂರು ವಾರದಲ್ಲಿ ತೀರಿಕೊಂಡರು.

ಪ್ರಬಂಧ ಮುಗಿಸಲು ನನಗೆ ಮತ್ತೆ ಎರಡು ವರ್ಷ ಹಿಡಿಯಿತು. ಆ ಆರ್‌ಎನ್‌ಎಯನ್ನು ತಡೆದಾಗ, ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳು ಅದೇ ಔಷಧಿಗೆ ಮತ್ತೆ ಸಾಯತೊಡಗಿದವು. ಸದ್ಯಕ್ಕೆ ತಟ್ಟೆಯಲ್ಲಿ ಮಾತ್ರ. ಮನುಷ್ಯರಿಗೆ ಕೊಡುವ ಹಾಗಾಗಲು ಎಷ್ಟು ಸಮಯ ಬೇಕೆಂದು ಅತ್ತೆ ಕೇಳಿದರು. ಗೊತ್ತಿಲ್ಲ ಅಂದೆ.