ನೀಲಿ ಎಲೆಗಳ ಹಿಂದೆ ನನ್ನ ಫೋಟೊ

ಮಾನ್ವಿಯ ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ ತೀರಿಹೋದವರು ಸಾಲಾಗಿದ್ದಾರೆ: ಅಪ್ಪ, ಅವ್ವ, ಅಣ್ಣ. ಅಣ್ಣ ಹೋದಾಗ ಅವಸರದಲ್ಲಿ ಆಧಾರ್ ಕಾರ್ಡಿನ ಫೋಟೊವನ್ನೇ ದೊಡ್ಡದು ಮಾಡಿಸಿದ್ದೆವು. ಪಾಪ, ಇವತ್ತಿಗೂ ಪೊಲೀಸರ ಕೈಗೆ ಸಿಕ್ಕವನಂತೆ ನೋಡುತ್ತಾನೆ. ಅವನ ಪಕ್ಕದ ಜಾಗ ನನ್ನದು. ನನಗೆ ಆ ಗತಿ ಬೇಡವೆಂದು ರಾಯಚೂರಿಗೆ ಹೋಗಿ, ಮೀಸೆ ತಿದ್ದಿಸಿ, ಒಳ್ಳೆಯ ಫೋಟೊ ತೆಗೆಸಿದೆ. ಹೆಂಡತಿಗೆ ಹೇಳಲಿಲ್ಲ. ಸಾವಿನ ಮಾತೆತ್ತಿದರೆ ಅವಳು ರೊಟ್ಟಿ ಬಡಿಯುವುದನ್ನೇ ನಿಲ್ಲಿಸುತ್ತಾಳೆ.

ಫ್ರೇಮಿನ ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ಚೌಕಟ್ಟಿನೊಳಗೆ ಆಗಲೇ ಒಂದು ಚಿತ್ರವಿತ್ತು. ಹಳದಿ ಹಾಳೆಯ ಮೇಲೆ ನೀಲಿ ಕಾಗದವನ್ನು ಎಲೆಗಳಂತೆ ಕತ್ತರಿಸಿ ಅಂಟಿಸಿದ ಚಿತ್ರದ ಮುದ್ರಿತ ಪ್ರತಿ.

"ಇದೇನ್ರೀ, ಇಲಿ ಕಡದ ಕಾಗದಕ್ಕ ಗಾಜು ಹಾಕೀರಿ?"

"ಮಾಡರ್ನ್ ಆರ್ಟ್ ರೀ ಯಜಮಾನ್ರ. ಶಕ್ತಿನಗರದ ಇಂಜಿನಿಯರ್ ಒಬ್ರು ಆರ್ಡರ್ ಕೊಟ್ಟು ಟ್ರಾನ್ಸ್‌ಫರ್ ಆಗಿ ಹೋದ್ರು. ಖಾಲಿ ಫ್ರೇಮಿಗಿಂತ ಅಗ್ಗ ಬೀಳ್ತದ, ಒಯ್ರಿ."

ಬಸ್ಸಿನ ಹೊತ್ತಾಗಿತ್ತು. ಚಿತ್ರವನ್ನು ಮನೆಯಲ್ಲೇ ತೆಗೆದರಾಯಿತೆಂದು ಕೊಂಡು ಹೊರಟೆ. ಮನೆ ಮುಟ್ಟಿದ್ದೇ ತಡ, ಹೆಂಡತಿ ಪೊಟ್ಟಣ ಬಿಚ್ಚಿದಳು.

"ಯಾರಿಗ್ರೀ ಇದು?"

"ನಿನಗ," ಅಂದುಬಿಟ್ಟೆ.

ಅವಳು ಸೆರಗಿನಿಂದ ಗಾಜು ಒರೆಸತೊಡಗಿದಳು. ನಾನು ಫೋಟೊ ಇದ್ದ ಚೀಲವನ್ನು ಮೆಲ್ಲಗೆ ಮಂಚದ ಕೆಳಗೆ ತಳ್ಳಿದೆ. ಅವಳು ಮೊಳೆ ಹೊಡೆದು ಚಿತ್ರವನ್ನು ಅಣ್ಣನ ಪಕ್ಕದಲ್ಲೇ ತೂಗುಹಾಕಿದಳು. ಆಮೇಲೆ ದೇವದುರ್ಗದಲ್ಲಿರುವ ತನ್ನ ತಂಗಿಗೆ ಫೋನು: "ನಮ್ಮನಿಯವ್ರು ನನಗಂತ ಚಿತ್ರ ತಂದಾರಬೇ!"

ಮರುದಿನವೇ ಆ ತಂಗಿಯ ಗಂಡ ನನಗೆ ಫೋನು ಮಾಡಿದ.

"ಅಣ್ಣಾ, ಇಷ್ಟ್ ವರ್ಷ ಒಂದು ಮೊಳ ಹೂವಿನ್ಯಾಗ ಸಂಸಾರ ದಾಟಿಸಿದ್ದೆ. ನನ್ನ ಮನಿ ಮುರದ್ರಲ್ಲ! ಅಂಗಡಿ ಎಲ್ಲೈತಿ ಅದರ ಹೇಳ್ರಿ."

ಒಂದು ಮಧ್ಯಾಹ್ನ ಹೆಂಡತಿ ನೀರಮಾನ್ವಿ ಎಲ್ಲಮ್ಮನ ಗುಡಿಗೆ ಹೋಗಿದ್ದಳು. ನಾನು ಚಿತ್ರ ಇಳಿಸಿ, ಹಿಂದಿನ ರಟ್ಟಿನ ಮೊಳೆಗಳನ್ನು ಇಕ್ಕಳದಿಂದ ಕೀಳುತ್ತ ಕೂತೆ. ಅಷ್ಟರಲ್ಲಿ ಬಾಗಿಲಲ್ಲಿ ಅವಳ ಬಳೆ ಸದ್ದಾಯಿತು. ನನ್ನ ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ನನ್ನದೇ ಫೋಟೊ. ಇನ್ನೇನು ಸುಳ್ಳು ಹೇಳಲಿ? ಎಲ್ಲವನ್ನೂ ಒಪ್ಪಿಕೊಂಡೆ. ನಿನಗೆಂದು ತಂದದ್ದಲ್ಲ, ತಪ್ಪಾಯಿತು ಎಂದೆ.

ಅವಳು ಫೋಟೊವನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ಮೀಸಿ ಚಂದ ಬಂದಾವ," ಎಂದಳು. ನನಗೆ ಧೈರ್ಯ ಬಂತು.

"ಹಂಗಾದ್ರ ಹಾಕ್ಲೇನು?"

"ಈ ಮಾರಿ ದಿನಾ ಎದುರಿಗೇ ಕುಂತಿರ್ತದ. ಗ್ವಾಡಿ ಮ್ಯಾಲೂ ಬೇಕೇನ್ರೀ?"

ನನ್ನ ತೊಡೆಯ ಮೇಲಿನ ಚೌಕಟ್ಟು ಕಸಿದುಕೊಂಡು, ಫೋಟೊವನ್ನು ನೀಲಿ ಎಲೆಗಳ ಹಿಂದೆ ಇಟ್ಟು, ರಟ್ಟು ಮುಚ್ಚಿದಳು. ಮತ್ತೆ ಅದೇ ಮೊಳೆಗೆ ತೂಗುಹಾಕಿ, ಓರೆಯಾಗಿದ್ದನ್ನು ಸರಿಮಾಡಿದಳು.

"ಅಲ್ಲೇ ಹಿಂದ ಕುಂದರ್ರಿ. ಕರದಾಗ ಮುಂದ ಬರೂವಂತ್ರಿ," ಎಂದಳು. ಅಡುಗೆಮನೆಯ ಬಾಗಿಲಲ್ಲಿ ತಿರುಗಿ, "ತಂಗಿ ಮುಂದ ಬಾಯಿ ಬಿಟ್ಟೀರಿ ಮತ್ತ!" ಎಂದು ಗದರಿಸಿದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಕೇಳಿಸಿತು.