ಕೂಗಿ ಹೇಳುವ ಮಾತಲ್ಲ

ಇವತ್ತು ಬೆಳಿಗ್ಗೆ ಮಿಲ್ಲಿನ ಬಾಗಿಲು ತೆಗೆದು ಮೊದಲು ಮಾಡಿದ ಕೆಲಸವೆಂದರೆ ಮೊಳೆಯಲ್ಲಿ ನೇತಾಡುತ್ತಿದ್ದ ಕಿವಿ ಮುಚ್ಚಳವನ್ನು ತೆಗೆದು ಕೊಡವಿದ್ದು. ಒಂದು ಹಿಡಿ ರಾಗಿ ಹಿಟ್ಟು ಉದುರಿತು. ಕಿವಿ ಮುಚ್ಚಳ ಎಂದರೆ ಚಳಿಗಾಲದ ಮಂಕಿ ಟೋಪಿ ಎಂದುಕೊಳ್ಳಬೇಡಿ. ನೋಡುವುದಕ್ಕೆ ಹಾಡು ಕೇಳುವ ದೊಡ್ಡ ಹೆಡ್‌ಫೋನಿನ ಹಾಗೇ ಇರುತ್ತದೆ, ಆದರೆ ಸದ್ದನ್ನು ಒಳಗೆ ಬಿಡದಿರುವುದೇ ಅದರ ಕಸುಬು. ಅದು ಹೊಸದು, ಮೊಳೆ ಮಾತ್ರ ಹಳೆಯದು. ನನ್ನ ಸೋದರಮಾವ ಚೆಲುವಯ್ಯ ತನ್ನ ಟವೆಲ್ಲು ಹಾಕುತ್ತಿದ್ದ ಮೊಳೆ. ಈ ಮುಚ್ಚಳವನ್ನು ಮಾವ ನೋಡಿದ್ದರೆ ಊರಿಗೆಲ್ಲ ಕೇಳುವಂತೆ ನಗುತ್ತಿದ್ದ. ಮಾವನ ಯಾವ ನಗುವೂ ಊರಿಗೆ ಕೇಳದೆ ಇರಲಿಲ್ಲ ಎನ್ನುವುದು ಬೇರೆ ಮಾತು.

ನೀವು ಯಾವತ್ತಾದರೂ ಹಳ್ಳಿಯ ರಾಗಿ ಮಿಲ್ಲಿನಲ್ಲಿ ನಿಂತಿದ್ದರೆ ನಿಮಗೆ ಗೊತ್ತಿರುತ್ತದೆ, ಮೋಟರು ತಿರುಗಲು ಶುರುವಾದ ಮೇಲೆ ಅಲ್ಲಿ ಯಾರೂ ಬಾಯಲ್ಲಿ ಮಾತಾಡುವುದಿಲ್ಲ, ಕೈಯಲ್ಲಿ ಮಾತಾಡುತ್ತಾರೆ. ಹನಗೋಡಿನ ನಮ್ಮ ಮಿಲ್ಲಿನಲ್ಲಂತೂ ಅದಕ್ಕೆ ಒಂದು ಪದ್ಧತಿಯೇ ಇತ್ತು. ಹೆಬ್ಬೆರಳು ತೋರುಬೆರಳು ಸೇರಿಸಿ ಉಜ್ಜಿದರೆ ಹಿಟ್ಟು ನುಣ್ಣಗಿರಲಿ ಎಂದು. ಐದೂ ಬೆರಳು ಕೂಡಿಸಿ ಬಿಚ್ಚಿದರೆ ತರಿತರಿಯಾಗಿರಲಿ ಎಂದು. ಅಂಗೈಯನ್ನು ಅಡ್ಡಡ್ಡ ಆಡಿಸಿದರೆ ‘ತಡಿ, ಇನ್ನೂ ಹಿಂದಿನವರ ಗೋಧಿ ಒಳಗಿದೆ.’ ಬಾಯಿಯ ಹತ್ತಿರ ತುತ್ತು ಹಿಡಿದಂತೆ ಕೈ ಒಯ್ದರೆ, ಅದು ಮಾತ್ರ ಗಿರಾಕಿಗಳದ್ದಲ್ಲ, ಹಿತ್ತಲ ಬಾಗಿಲಲ್ಲಿ ನಿಂತ ಅತ್ತೆಯದ್ದು: ‘ಊಟಕ್ಕೆ ಬನ್ನಿ.’ ನಾನು ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟು ಮಾವನ ಮನೆ ಸೇರಿದಾಗ ಈ ಭಾಷೆ ಕಲಿಯಲು ಒಂದು ವಾರ ಸಾಕಾಯಿತು. ಡಿಗ್ರಿಯಲ್ಲಿ ಇಂಗ್ಲಿಷು ಒಂದೂವರೆ ವರ್ಷವಾದರೂ ಬಂದಿರಲಿಲ್ಲ.

ಮಾವನಿಗೆ ತನ್ನ ಕಿವಿಯ ಮೇಲೆ ಬಹಳ ಅಭಿಮಾನ. ರಾಗಿ ಕಡಿಮೆ ಬಿದ್ದರೆ ಕಲ್ಲು ಕಲ್ಲಿಗೆ ಉಜ್ಜುತ್ತದೆ, ಜಾಸ್ತಿ ಬಿದ್ದರೆ ಮೋಟರು ನರಳುತ್ತದೆ. ಎರಡನ್ನೂ ಮಾವ ಬೀಡಿ ಹಚ್ಚುತ್ತಾ ಬೆನ್ನು ಹಾಕಿ ನಿಂತಲ್ಲಿಂದಲೇ ಹೇಳುತ್ತಿದ್ದ. “ಕಲ್ಲು ಮಾತಾಡ್ತದೆ ಕಣ್ಲಾ. ಕಿವಿಗೊಟ್ಟು ಕೇಳ್ಬೇಕು. ಕಿವಿ ಮುಚ್ಕೊಂಡೋನು ಮಿಲ್ ನಡ್ಸಾಕಾಯ್ತದಾ?” ಎಂದು ನನಗೆ ಪಾಠ. ಈ ಪಾಠವನ್ನು ಅವನು ನನಗೆ ಹೇಳುತ್ತಿದ್ದರೂ ಬಾಣ ಬೀಳುತ್ತಿದ್ದದ್ದು ದಸ್ತಗೀರ್ ಸಾಬರ ಮೇಲೆ.

ದಸ್ತಗೀರ್ ಸಾಬರು ಹುಣಸೂರಿನವರು. ಸವೆದು ನುಣುಪಾದ ಮಿಲ್ಲಿನ ಕಲ್ಲಿಗೆ ಉಳಿಯಿಂದ ಮತ್ತೆ ಹಲ್ಲು ಕೊರೆಯಲು ಒಂದೆರಡು ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಕೂತು ಕೆಲಸ ಶುರು ಮಾಡುವ ಮೊದಲು ಜೇಬಿನಿಂದ ಹತ್ತಿ ತೆಗೆದು, ಎಣ್ಣೆಯಲ್ಲಿ ಒತ್ತಿ, ಎರಡೂ ಕಿವಿಗೆ ಗಟ್ಟಿಯಾಗಿ ತುರುಕಿ, ಮೇಲೊಂದು ವಸ್ತ್ರ ಸುತ್ತಿಕೊಳ್ಳುತ್ತಿದ್ದರು. ಕೆಲಸ ಮುಗಿಸಿ ಮಿಲ್ಲು ಓಡಿಸಿ ನೋಡುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ಮಾವನಿಗೆ ಇದೊಂದು ತಮಾಷೆ. “ಏನ್ ಸಾಬ್ರೇ, ಕಿವೀಲಿ ಹತ್ತಿ ಬೆಳೆ ಆಕಿದ್ದೀರಾ?” ಎನ್ನುತ್ತಿದ್ದ. ಸಾಬರು ಒಂದು ದಿನ ನಗುತ್ತಲೇ ಮಾವನ ಕೈ ಹಿಡಿದು ಬೆಲ್ಟಿಲ್ಲದ ಕಡೆಗೆ ಕರೆದೊಯ್ದು, ತಿರುಗುತ್ತಿದ್ದ ಕಲ್ಲಿನ ಹೊರಗಿನ ತಗಡಿನ ಮೇಲೆ ಅವನ ಅಂಗೈಯನ್ನು ಇಡಿಸಿದರು. “ಕಲ್ಲು ಕೈಗೂ ಮಾತಾಡ್ತದೆ ಚೆಲುವಣ್ಣ. ಕೈ ಕಿವುಡಾಗಾಕಿಲ್ಲ ನೋಡಿ” ಎಂದು ಅವನ ಕಿವಿಯ ಹತ್ತಿರ ಕೂಗಿದರು. ಮಾವ ಕೈ ಕೊಡವಿಕೊಂಡು ಬಂದ. ನಾನು ಮಾವನ ಪಕ್ಷ, ಹಾಗಾಗಿ ನಾನೂ ನಕ್ಕೆ. ಆ ನಗುವಿಗೆ ಈಗ ನಾಚಿಕೆಯಾಗುತ್ತದೆ.

ಮಿಲ್ಲಿನ ಮನೆಯವರಿಗೆ ಒಂದು ತೊಂದರೆಯಿದೆ. ನಾವು ಗುಟ್ಟು ಹೇಳಲಾರೆವು. ದಿನವಿಡೀ ಆ ಸದ್ದಿನಲ್ಲಿದ್ದು ಹೊರಗೆ ಬಂದವರಿಗೆ ತಮ್ಮ ದನಿ ಎಷ್ಟು ಎತ್ತರದಲ್ಲಿದೆ ಎನ್ನುವ ಅಂದಾಜೇ ಇರುವುದಿಲ್ಲ. ನನಗೆ ಹೆಣ್ಣು ನೋಡಲು ಮಿರ್ಲೆಗೆ ಹೋಗಿದ್ದೆವು. ನಡುಮನೆಯ ತುಂಬ ಜನ. ಉಪ್ಪಿಟ್ಟು ಬಂತು, ಕಾಫಿ ಬಂತು. ಮಾವ ನನ್ನ ಕಿವಿಯ ಹತ್ತಿರ ಬಾಗಿ, ಕೈ ಅಡ್ಡ ಹಿಡಿದು, ತನ್ನ ಲೆಕ್ಕದಲ್ಲಿ ಪಿಸುಗುಟ್ಟಿದ: “ಉಡುಗಿ ಚೆನ್ನಾಗವ್ಳೆ ಕಣ್ಲಾ, ಒಪ್ಕೊ. ಅವ್ರಪ್ಪ ಮಾತ್ರ ಸ್ಯಾನೆ ಜಿಪುಣ ಅನ್ಸ್ತದೆ, ಉಪ್ಪಿಟ್ಟಿಗೆ ಒಂದ್ ಗೋಡಂಬಿನೂ ಆಕಿಲ್ಲ!”

ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು ಒಳಗೆ ನೋಡಿದ ಎಂದರೆ ನಡುಮನೆಯ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ. ಹುಡುಗಿಯ ಅಪ್ಪ ಕಾಫಿ ಲೋಟವನ್ನೇ ದಿಟ್ಟಿಸುತ್ತಿದ್ದರು. ಆ ಮೌನದಲ್ಲಿ ಅಡಿಗೆಮನೆಯ ಬಾಗಿಲ ಹಿಂದಿನಿಂದ, ಸೆರಗು ಅಡ್ಡ ಹಿಡಿದು ತಡೆದರೂ ತಡೆಯಲಾಗದ ಒಂದು ಸಣ್ಣ ನಗು ಬಂತು. ಬೇರೆ ಯಾರಿಗೂ ಕೇಳಿಸಲಿಲ್ಲ. ನನಗೆ ಕೇಳಿಸಿತು. ಆಗ ನನ್ನ ಕಿವಿ ಅಷ್ಟು ಚೆನ್ನಾಗಿತ್ತು. ನಾನು ರತ್ನಳನ್ನು ಒಪ್ಪಿಕೊಂಡದ್ದು ಮುಖ ನೋಡಿ ಅಲ್ಲ, ಆ ನಗುವನ್ನು ಕೇಳಿ. ಮದುವೆಯ ಊಟದಲ್ಲಿ ರತ್ನಳ ಅಪ್ಪ ಚೆಲುವಯ್ಯ ಮಾವನ ಎಲೆಗೆ ತಾವೇ ನಿಂತು ಒಂದು ಹಿಡಿ ಗೋಡಂಬಿ ಬಡಿಸಿದರು.

ವಯಸ್ಸಾಗುತ್ತ ಮಾವನಿಗೆ ಕಿವಿ ಕೇಳಿಸದಾಯಿತು. ಅಭಿಮಾನದ ಆ ಕಿವಿಗೆ ಕೊನೆಗೆ ಮೋಟರು ಶುರುವಾದದ್ದೂ ತಿಳಿಯುತ್ತಿರಲಿಲ್ಲ. ಅವನೇನೋ ಅದನ್ನೂ ನಗೆಯಲ್ಲೇ ಕಳೆದ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಅತ್ತೆ. ಅತ್ತೆಯದು ಮೆಲುದನಿ. ಅವರಿಬ್ಬರೂ ಜಗಲಿಯ ಮೇಲೆ ಅಕ್ಕಪಕ್ಕ ಕೂತಿರುತ್ತಿದ್ದರು, ಮಾತಿಲ್ಲ. ಅತ್ತೆ ಬಾಯ ಹತ್ತಿರ ಕೈ ಒಯ್ದರೆ ಊಟ, ಬೆರಳು ಉಜ್ಜಿದರೆ ಮಾತ್ರೆ. ಮಿಲ್ಲಿನ ಆ ನಾಲ್ಕು ಸನ್ನೆಗಳಲ್ಲೇ ಇಬ್ಬರ ಸಂಸಾರ. ಒಂದು ಸಲ ನಾನು, “ಸ್ವಲ್ಪ ಜೋರಾಗಿ ಮಾತಾಡು ಅತ್ತೆ, ಮಾವಂಗೆ ಕೇಳಿಸ್ತದೆ” ಎಂದೆ.

ಅತ್ತೆ, “ಊಟ ಮಾಡಿ ಅಂತ ಕೂಗ್ಬೋದು, ಮಳೆ ಬಂತು ಅಂತ ಕೂಗ್ಬೋದು. ಮಿಕ್ಕಿದ್ದೆಲ್ಲ ಕೂಗಿ ಏಳೋ ಮಾತಾ ಮಗ?” ಎಂದಳು. ಅಷ್ಟೇ ಹೇಳಿ ಅವರೆಕಾಯಿ ಬಿಡಿಸಲು ಕೂತಳು.

ಮಾವ ಹೋದ ಮೇಲೆ ಮಿಲ್ಲು ನನ್ನದಾಯಿತು, ಮೊಳೆ ನನ್ನದಾಯಿತು, ಕಿವಿಯ ಅಭಿಮಾನವೂ ನನ್ನದಾಯಿತು. ಹೀಗೆ ಇಪ್ಪತ್ತು ವರ್ಷ ನಡೆಸಿದೆ. ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ ಅಡ್ಡಾಗಿದ್ದಾಗ ಮಿಲ್ಲು ಗುಂಯ್ ಎನ್ನುತ್ತಿರುವುದು ಕೇಳಿಸಿತು. “ರತ್ನ, ಮೋಟ್ರು ಆಫ್ ಮಾಡಿಲ್ವೇನೆ?” ಎಂದೆ. “ಬೆಳಗ್ನಿಂದ ಕರೆಂಟೇ ಇಲ್ವಲ್ರೀ” ಎಂದಳು. ನಂಬದೆ ಎದ್ದು ಹೋಗಿ ನೋಡಿದೆ. ಮೋಟರು ತಣ್ಣಗಿತ್ತು, ಕಲ್ಲು ತಣ್ಣಗಿತ್ತು, ಗುಂಯ್ ಮಾತ್ರ ನಿಂತಿರಲಿಲ್ಲ. ಆಗ ತಿಳಿಯಿತು, ಓಡುತ್ತಿದ್ದ ಮಿಲ್ಲು ನನ್ನ ತಲೆಯೊಳಗಿತ್ತು. ಕರೆಂಟು ಬೇಡ, ರಾಗಿ ಬೇಡ, ಭಾನುವಾರದ ರಜವೂ ಇಲ್ಲ. ಮಾವನ ಆಸ್ತಿಯಲ್ಲಿ ಇದೊಂದು ಪಾಲು ಉಳಿದುಕೊಂಡಿತ್ತು ಎಂದುಕೊಂಡೆ. ಅಂದಿನಿಂದ ನಮ್ಮ ಮನೆಯಲ್ಲಿ ಆ ಸದ್ದಿಗೆ ‘ಮಾವ’ ಎಂದೇ ಹೆಸರು. ನಾನು ಹಣೆ ಗಂಟಿಕ್ಕಿ ಕೂತರೆ ರತ್ನ, “ಏನು, ಮಾವ ಬಂದವ್ರಾ?” ಎಂದು ಕೇಳುತ್ತಾಳೆ.

ಔಷಧಿ ಹೇಳದವರು ಊರಿನಲ್ಲಿ ಯಾರೂ ಉಳಿಯಲಿಲ್ಲ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಈರುಳ್ಳಿ ರಸ, ಯಾವುದೋ ಎಲೆಯ ಹೊಗೆ. ಕೆಲವು ದಿನ ನನ್ನ ಕಿವಿಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಸದ್ದು ಮಾತ್ರ ಜಗ್ಗಲಿಲ್ಲ. ಇಷ್ಟರಲ್ಲಿ ಕೊಪ್ಪದಲ್ಲಿ ನೆಂಟರ ಮದುವೆ. ಹಿರಿಯರು ಎಂದು ನನ್ನನ್ನು ಮುಂದಿನ ಸಾಲಿನ ಸೋಫಾದಲ್ಲಿ ಕೂರಿಸಿದರು. ಮಗ್ಗುಲಲ್ಲೇ ಆಳೆತ್ತರದ ಡಿಜೆ ಪೆಟ್ಟಿಗೆ. ಎದ್ದು ಹಿಂದೆ ಹೋದರೆ ಮರ್ಯಾದೆಗೆ ಕಡಿಮೆ ಎಂದು ಎರಡು ಗಂಟೆ ಅಲ್ಲೇ ಕೂತೆ. ಎದೆಗೂಡೇ ಅದುರುತ್ತಿತ್ತು. ಮರುದಿನದಿಂದ ಮಾವ ಒಬ್ಬನೇ ಬರಲಿಲ್ಲ, ಊರಿನ ಮಿಲ್ಲುಗಳನ್ನೆಲ್ಲ ಕಟ್ಟಿಕೊಂಡು ಬಂದ. ಒಂದು ವಾರ ಊಟ ರುಚಿಸಲಿಲ್ಲ, ಎಲ್ಲರ ಮೇಲೂ ಸಿಡುಕು.

ಆ ವಾರದಲ್ಲೇ ನಾನೊಂದು ಗಮನಿಸಿದೆ. ರತ್ನ ಏನೋ ಹೇಳುತ್ತಾಳೆ. ನಾನು “ಏನಂದೆ?” ಎನ್ನುತ್ತೇನೆ. ಇನ್ನೊಮ್ಮೆ ಹೇಳುತ್ತಾಳೆ. ಮತ್ತೆ “ಆಂ?” ಎನ್ನುತ್ತೇನೆ. “ಏನಿಲ್ಲ ಬುಡಿ” ಎಂದು ಒಳಗೆ ಹೋಗುತ್ತಾಳೆ. ಕೋಪವಲ್ಲ, ಬೇಜಾರೂ ಅಲ್ಲ, ಸುಮ್ಮನೆ ‘ಏನಿಲ್ಲ ಬುಡಿ’. ಮೂರನೆಯ ಸಲವೋ ನಾಲ್ಕನೆಯ ಸಲವೋ ನನಗೆ ಜಗಲಿಯ ಮೇಲೆ ಮಾತಿಲ್ಲದೆ ಕೂತಿದ್ದ ಅತ್ತೆ ಕಣ್ಣ ಮುಂದೆ ಬಂದಳು. ನನಗೆ ಭಯವಾಯಿತು. ಗುಂಯ್ ಸದ್ದಿಗಲ್ಲ. ರತ್ನ ನನಗೆ ಹೇಳದೆ ಬಿಡುತ್ತಿರುವ ಮಾತುಗಳಿಗೆ. ಎಷ್ಟು ಹೋದವೋ, ಏನೇನಿದ್ದವೋ, ವಿಚಾರಿಸುವುದಾದರೂ ಯಾರನ್ನು? ಮರುದಿನವೇ ಮೈಸೂರಿನ ಬಸ್ಸು ಹತ್ತಿದೆವು.

ಕಿವಿಯ ಡಾಕ್ಟರು ನಮ್ಮ ಮಗಳ ವಯಸ್ಸಿನ ಹುಡುಗಿ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿಸಿದರು. ಎಣ್ಣೆಯ ವಿಷಯ ಕೇಳಿ ಕೈ ಮುಗಿದು, “ಕಿವಿಗೆ ಇನ್ನೇನೂ ಬಿಡಬೇಡಿ” ಎಂದರು. ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಿದರು: “ಹೋಗಿರೋದು ವಾಪಸ್ ಬರಲ್ಲ. ಆದರೆ ಇರೋದು ಸಾಕಷ್ಟಿದೆ, ಅದನ್ನ ಉಳಿಸ್ಕೊಳ್ಳಿ. ಬರೀ ಹತ್ತಿ ಇಟ್ಕೊಂಡ್ರೆ ಸಾಲದು, ಮಿಲ್ಲಲ್ಲಿ ಇದನ್ನ ಹಾಕ್ಕೊಳ್ಳಿ” ಎಂದು ಈ ಮುಚ್ಚಳದ ಚಿತ್ರ ತೋರಿಸಿದರು. ಮದುವೆಗೆ, ಜಾತ್ರೆಗೆ ಎಂದು ಕಿವಿಗೆ ಸಿಕ್ಕಿಸಿಕೊಳ್ಳುವ ಸ್ಪಂಜಿನ ಪುಟ್ಟ ಬಿರಡೆಗಳು ಬೇರೆ. ಡಿಜೆ ಪೆಟ್ಟಿಗೆಯಿಂದ ದೂರ ಕೂರಬೇಕು, ಆಗಾಗ ಎದ್ದು ಹೊರಗೆ ಹೋಗಿ ಕಿವಿಗೆ ಬಿಡುವು ಕೊಡಬೇಕು. ಸದ್ದು ಜೋರಾದ ದಿನ ಅದರ ಜೊತೆ ಜಗಳಕ್ಕೆ ನಿಲ್ಲದೆ, ಫ್ಯಾನೋ ಸಣ್ಣಗೆ ರೇಡಿಯೋವೋ ಹಾಕಿಕೊಂಡು ಕೈಗೆ ಕೆಲಸ ಕೊಡಬೇಕು.

ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎನ್ನುತ್ತಾರಲ್ಲ, ನಾನು ಮುಚ್ಚಳವನ್ನು ಮನೆಯಲ್ಲೂ ಹಾಕಿಕೊಂಡು ಕೂತೆ. ಹೊರಗಿನ ಸದ್ದೆಲ್ಲ ನಿಂತು ಒಳಗೆ ಮಾವ ಒಬ್ಬನೇ ಉಳಿದ, ಎರಡರಷ್ಟು ಜೋರಾಗಿ. ರತ್ನ ಏನೋ ಹೇಳಿದಳು, ಕೇಳಿಸಲಿಲ್ಲ. ಅವಳೇ ಬಂದು ಮುಚ್ಚಳ ಕಿತ್ತು, “ಮನೇಲಿ ನಾನೇನ್ ಮಿಲ್ ಓಡಿಸ್ತಿದ್ದೀನಾ?” ಎಂದಳು. ಗದ್ದಲದಲ್ಲಿ ಮುಚ್ಚಬೇಕು, ಮನೆಯಲ್ಲಿ ತೆರೆಯಬೇಕು. ಇಷ್ಟು ಸಣ್ಣ ವಿಷಯ ತಲೆಗೆ ಹೋಗಲು ಹೆಂಡತಿಯೇ ಬೇಕಾಯಿತು.

ಮಿಲ್ಲಿನಲ್ಲಿ ಮೊದಲ ದಿನದ ಕಥೆ ಇನ್ನೂ ಚೆನ್ನಾಗಿದೆ. “ಏನಣ್ಣೋ, ಕ್ರಿಕೆಟ್ ಕಾಮೆಂಟ್ರಿನಾ? ಸ್ಕೋರ್ ಎಷ್ಟಾಯ್ತು?” ಎಂದು ಬಂದವರೆಲ್ಲ ಸನ್ನೆಯಲ್ಲೇ ಗೇಲಿ ಮಾಡಿದರು. ಅದನ್ನು ತಡೆದುಕೊಂಡೆ. ಆದರೆ ಕಲ್ಲಿನ ಮಾತು ಕೇಳಿಸದೆ ರಾಗಿ ಬೀಳುವ ಅಳತೆ ತಪ್ಪಿ, ಪುಟ್ಟಮ್ಮಜ್ಜಿಯ ಹಿಟ್ಟು ಕೈ ಸುಡುವಷ್ಟು ಬಿಸಿಯಾಗಿ ಸೀದ ವಾಸನೆ ಬಂತು. ಮರುದಿನ ಅಜ್ಜಿ ಚೀಲ ತಂದು ಮುಂದೆ ಕುಕ್ಕಿ, “ಮುದ್ದೆ ತಿರುವಿದ್ರೆ ಅಂಟಾಕೇ ಇಲ್ಲ. ಕಿವಿ ಉಳಿಸ್ಕೊಳಪ್ಪ, ಬ್ಯಾಡ ಅನ್ನಾಕಿಲ್ಲ, ನನ್ ರಾಗಿ ಯಾಕ್ ಉರಿತೀಯಾ?” ಎಂದಳು. ನಮ್ಮ ಮನೆಯ ರಾಗಿಯಲ್ಲಿ ಬದಲು ಹಿಟ್ಟು ಮಾಡಿಕೊಟ್ಟೆ. ಮುಚ್ಚಳವನ್ನು ಮೊಳೆಗೆ ಹಾಕಿ ಮಂಕಾಗಿ ನಿಂತೆ. ಮಾವ ಹೇಳಿದ್ದೇ ಸರಿಯಾಯಿತಲ್ಲ, ಕಿವಿ ಮುಚ್ಚಿಕೊಂಡವನು ಮಿಲ್ಲು ನಡೆಸಲಾರ ಎಂದುಕೊಂಡೆ.

ಆಗ ನೆನಪಾದದ್ದು ದಸ್ತಗೀರ್ ಸಾಬರ ಕೈ. ಮುಚ್ಚಳ ಹಾಕಿಕೊಂಡು, ಬೆಲ್ಟಿಲ್ಲದ ಕಡೆ ಹೋಗಿ, ತಗಡಿನ ಮೇಲೆ ಅಂಗೈ ಇಟ್ಟೆ. ರಾಗಿ ಸರಿಯಾಗಿ ಬೀಳುವಾಗ ಅದು ಸಾಕಿದ ಬೆಕ್ಕಿನ ಬೆನ್ನಿನಂತೆ ಒಂದೇ ಸಮ ಮಿಡಿಯುತ್ತದೆ. ಕಡಿಮೆಯಾದರೆ ಬೆರಳ ತುದಿಗೆ ಚುರುಚುರು ಎನ್ನುತ್ತದೆ. ಜಾಸ್ತಿಯಾದರೆ ಮಣಿಕಟ್ಟಿಗೆ ಭಾರ. ಹದಿನೈದು ದಿನದಲ್ಲಿ ಕೈಗೆ ಅಷ್ಟೂ ಮಾತು ಬಂತು. ನಾವು ನಕ್ಕಿದ್ದ ಮನುಷ್ಯ ನಮಗಿಂತ ಮೊದಲೇ ಇದನ್ನು ಕಲಿತು, ಕಲಿಸಲೂ ಬಂದಿದ್ದರು. ಈಗ ಅವರಿಲ್ಲ. ಇದ್ದಿದ್ದರೆ ಹುಣಸೂರಿಗೆ ಹೋಗಿ ಕೈ ಮುಗಿದು ಬರುತ್ತಿದ್ದೆ. ಪುಟ್ಟಮ್ಮಜ್ಜಿ ಈಗ ಬಂದರೆ ದೂರದಿಂದಲೇ ಬೆರಳು ಉಜ್ಜಿ ತೋರಿಸಿ, ಜೊತೆಗೆ ಸುಟ್ಟೀಯೆ ಜೋಕೆ ಎಂಬಂತೆ ಕೈ ಊದಿಕೊಳ್ಳುತ್ತಾಳೆ. ನಮ್ಮ ಸನ್ನೆಗಳಿಗೆ ಅದೊಂದು ಹೊಸದು ಸೇರಿದೆ.

ಹಾಗೆಂದು ಮಾವ ಬರುವುದನ್ನು ಬಿಟ್ಟಿಲ್ಲ. ನಿದ್ದೆ ಕೆಟ್ಟ ದಿನ, ಕೋಪ ಮಾಡಿಕೊಂಡ ದಿನ ಬಂದೇ ಬರುತ್ತಾನೆ. ಫ್ಯಾನು ಹಾಕಿ, ಅವರೆಕಾಯಿ ಬಿಡಿಸುತ್ತ ಕೂತರೆ ಒಂದು ಹೊತ್ತಿಗೆ ಇದ್ದಾನೋ ಹೋದನೋ ಎನ್ನುವುದೂ ಮರೆತುಹೋಗುತ್ತದೆ.

ಇವತ್ತು ಪಿರಿಯಾಪಟ್ಟಣದಲ್ಲಿ ಆರತಕ್ಷತೆ, ಡಿಜೆ ಇದ್ದೇ ಇದೆ. ಮಧ್ಯಾಹ್ನಕ್ಕೇ ಮಿಲ್ಲು ನಿಲ್ಲಿಸಿ, ಮುಚ್ಚಳವನ್ನು ಮೊಳೆಗೆ ಹಾಕಿ, ಸ್ನಾನ ಮಾಡಿ ಬಿಳಿ ಶರ್ಟು ತೊಟ್ಟೆ. ಬಿರಡೆಯ ಡಬ್ಬಿ ಜೇಬಿಗೆ ಹಾಕಿಕೊಂಡೆ. ಮುಂದಿನ ಸೋಫಾಕ್ಕೆ ಯಾರು ಕರೆದರೂ ಹೋಗುವುದಿಲ್ಲ, ಊಟದ ಹಾಲಿನ ಪಕ್ಕದ ಕುರ್ಚಿಯೇ ನನಗೆ ಸಿಂಹಾಸನ. ಮಿಲ್ಲಿನ ಬಾಗಿಲಿಗೆ ಬೀಗ ಹಾಕುತ್ತಿದ್ದಾಗ ರತ್ನ ಹಿಂದಿನಿಂದ ಬಂದು ನನ್ನ ಕಾಲರಿನ ಮೇಲೆ ಅದ್ಯಾವಾಗಲೋ ಕೂತಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿದಳು. ಒರೆಸುತ್ತ, ತನಗೆ ತಾನೇ ಹೇಳಿಕೊಳ್ಳುವಷ್ಟು ಮೆಲ್ಲಗೆ ಅಂದಳು, “ಮಿರ್ಲೆಗೆ ಬಂದಾಗ್ಲೂ ಇಂಗೇ ಕಾಣ್ತಿದ್ರಿ.”

“ಏನಂದೆ?” ಎಂದೆ. ಕೇಳಿಸಿತ್ತು. ಇನ್ನೊಂದು ಸಲ ಸಿಕ್ಕೀತೇನೋ ಎಂಬ ಆಸೆ.

“ಏನಿಲ್ಲ ಬುಡಿ” ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅದೂ ಕೇಳಿಸಿತು.